ಚಾಳೀಸು ಬರುವ ತನಕ ಮಿಲಿಟರಿ ದುರ್ಬೀನು: ಹನ್ನೊಂದು ವರ್ಷ ಬಳಸಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಪಕ್ಷಿವೀಕ್ಷಕನಲ್ಲ. ಸಕಲೇಶಪುರ ತಾಲ್ಲೂಕು ಹೆತ್ತೂರು ಕಡೆ ಆರೂವರೆ ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ನಮ್ಮಲ್ಲಿ ದುರ್ಬೀನು ಇಟ್ಟುಕೊಳ್ಳುವುದು ಶೋಕಿಗಲ್ಲ. ಗದ್ದೆಯಾಚೆ ಕಾಡಂಚಿನಲ್ಲಿ ನಿಂತಿರುವುದು ಬಂಡೆಯೋ ಆನೆಯೋ ಅನ್ನುವುದು ಆಳುಗಳು ತೋಟಕ್ಕೆ ಇಳಿಯುವ ಮೊದಲು ತಿಳಿಯಬೇಕು. ಮಂಗಟ್ಟೆ, ಮಿಂಚುಳ್ಳಿ ನೋಡುವುದೆಲ್ಲ ಮೇಲುಲಾಭ.

ನನ್ನ ಹತ್ತಿರ ಎರಡಿವೆ. ಒಂದು ಸೋವಿಯತ್ ಸೇನೆಯ 8×30, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 30 ಮಿ.ಮೀ. ಅಗಲವಿರುವಂಥದು. 2014ರಲ್ಲಿ ಬೆಂಗಳೂರಿನ ಸಂಡೇ ಬಜಾರಿನಲ್ಲಿ, ಕೆಟ್ಟ ಮಿಕ್ಸಿಗಳ ಪಕ್ಕ ಟಾರ್ಪಾಲಿನ ಮೇಲೆ ಬಿದ್ದಿತ್ತು. ಐದು ಸಾವಿರಕ್ಕೆ ಶುರುವಾದ ಚೌಕಾಸಿ 3,200ಕ್ಕೆ ಬಂದು ನಿಂತಿತು. ನಂಬರು 83ರಿಂದ ಶುರು. ಸೋವಿಯತ್ ದುರ್ಬೀನುಗಳಲ್ಲಿ ಮೊದಲ ಎರಡಂಕಿ ಸಾಮಾನ್ಯವಾಗಿ ತಯಾರಾದ ವರ್ಷ, ಹಾಗಾಗಿ 1983ರದ್ದು. ಇನ್ನೊಂದು 2020ರಲ್ಲಿ ಕೊಂಡ 8×42, ಪಕ್ಷಿಪ್ರಿಯರ ಕೊರಳಲ್ಲೆಲ್ಲ ನೇತಾಡುವ ಜಾತಿಯದು. ಕೊಟ್ಟದ್ದು 17,500 ರೂಪಾಯಿ. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ತೂಕ, ಕೋಟಿಂಗು, ಅಳತೆಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಮತ್ತೆ ಬರೆಯುವ ಉಮೇದು ನನಗಿಲ್ಲ.

ಮಿಲಿಟರಿಯದರಲ್ಲಿ ನಡುವೆ ಫೋಕಸ್ ಚಕ್ರವೇ ಇಲ್ಲ. ತಂದ ದಿನ, ಎಲ್ಲೋ ಉದುರಿಹೋಗಿದೆ, ಟೋಪಿ ಹಾಕಿಸಿಕೊಂಡೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಇರುವುದೇ ಹಾಗೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಬಳೆ. ಒಂದೊಂದನ್ನೇ ತಿರುಗಿಸಿ ಹೊಂದಿಸಿಕೊಳ್ಳಬೇಕು. ನನಗೆ ಎಡಕ್ಕೆ ಸೊನ್ನೆ, ಬಲಕ್ಕೆ ಮೈನಸ್ ಒಂದು. ಒಮ್ಮೆ ಹೊಂದಿಸಿದರೆ ಮುಗಿಯಿತು. ಬದುವಿನ ಕೊಕ್ಕರೆಯಿರಲಿ, ಆಚೆ ದಿಣ್ಣೆಯ ಸಿಲ್ವರ್ ಓಕಿರಲಿ, ಬಿಸಿಲೆಗೆ ಹೋದಾಗ ಎದುರಿಗೆ ಕಾಣುವ ಪುಷ್ಪಗಿರಿಯಿರಲಿ, ಬೆರಳಾಡಿಸುವ ಕೆಲಸವೇ ಇಲ್ಲ. ಎತ್ತು, ನೋಡು, ಇಳಿಸು. ಸಿಪಾಯಿಗೆ ಬೇಕಾದ್ದೂ ಅಷ್ಟೇ. ಚಕ್ರವಿಲ್ಲದಿದ್ದರೆ ಧೂಳು, ನೀರು ನುಗ್ಗುವ ಸಂದೂ ಒಂದು ಕಡಿಮೆ.

ಬೆಳಿಗ್ಗೆ ಆರೂಕಾಲಕ್ಕೆ ಜಗಲಿಯ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಕಾಫಿ ಲೋಟ ಕಟ್ಟೆಯ ಮೇಲೆ, ದುರ್ಬೀನಿನಿಂದ ಒಂದು ಮೊಳ ಆಚೆ. ಹತ್ತಿರವಿಟ್ಟರೆ ಹಬೆ ಗಾಜಿಗೆ ಹತ್ತುತ್ತದೆ, ಒರೆಸಲು ಕೈ ತಾನಾಗಿ ಪಂಚೆಯಂಚಿಗೆ ಹೋಗುತ್ತದೆ. ಹಾಗೆ ಒರೆಸಿ ಒರೆಸಿಯೇ ಬಲಗಣ್ಣಿನ ಗಾಜಿಗೆ ಮೂರು ಗೀರು ಬಿದ್ದಿವೆ. ಡಿಸೆಂಬರಿನಲ್ಲಿ ಲೋಹ ಹಣೆಗೆ ತಾಗಿದರೆ ನಿದ್ದೆಯೆಲ್ಲ ಒಂದೇ ಏಟಿಗೆ ಇಳಿಯುತ್ತದೆ. ಎಡದಿಂದ ಬಲಕ್ಕೆ ಕಾಡಂಚು, ಬಲದಿಂದ ಎಡಕ್ಕೆ ಗದ್ದೆ, ಕೊನೆಗೆ ಕೆರೆಯ ಏರಿ. ಮೂರು ನಿಮಿಷವೂ ಬೇಡ. ಆಮೇಲೆ ಕಾಫಿ.

ಕೊಳ್ಳುವಾಗ ಗೊತ್ತೇ ಇರದಿದ್ದ ಸುಖವೆಂದರೆ ಒಳಗಿನ ಗೆರೆಗಳು. ಒಂದು ಕಣ್ಣಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಸಣ್ಣ ಗೀಟುಗಳ ಅಳತೆಪಟ್ಟಿ ಕಾಣುತ್ತದೆ. ದೊಡ್ಡ ಗೀಟಿನಿಂದ ದೊಡ್ಡ ಗೀಟಿಗೆ 10 ಮಿಲ್. ಮಿಲ್ ಅಂದರೆ ಸೇನೆಯವರು ಕೋನ ಅಳೆಯುವ ಸಣ್ಣ ಮಾನ. ಲೆಕ್ಕ ಸುಲಭ: ವಸ್ತುವಿನ ಎತ್ತರವನ್ನು ಮೀಟರಿನಲ್ಲಿ ಹಿಡಿದು ಸಾವಿರದಿಂದ ಗುಣಿಸಿ, ಎಷ್ಟು ಮಿಲ್ ಕಂಡಿತೋ ಅದರಿಂದ ಭಾಗಿಸಿದರೆ ದೂರ ಸಿಕ್ಕಿತು. ಒಂದು ಸಂಜೆ ಗದ್ದೆಯಾಚೆ ಒಂಟಿ ಹೆಣ್ಣಾನೆ ನಿಂತಿತ್ತು, ಪಾದದಿಂದ ಭುಜಕ್ಕೆ ಸರಿಯಾಗಿ ಒಂದು ದೊಡ್ಡ ಗೀಟಿನ ಅಂತರ, ಅಂದರೆ 10 ಮಿಲ್. ಅದರ ಎತ್ತರ ಎಷ್ಟೆಂದು ಯಾರನ್ನು ಕೇಳುವುದು? ಮಾರನೇ ದಿನ, ಅದು ಹೋಗಿದ್ದು ಖಾತ್ರಿಯಾದ ಮೇಲೆ, ಕೆಸರಲ್ಲಿದ್ದ ಮುಂಗಾಲಿನ ಹೆಜ್ಜೆಯ ಸುತ್ತ ಬಾಳೆನಾರು ಹಿಡಿದು ಅಳೆದೆ. ನಾಲ್ಕಡಿ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದೆತ್ತರ ಅನ್ನುವುದು ಹಳೇ ಲೆಕ್ಕ, ಅಂದರೆ ಎಂಟಡಿ, 2.4 ಮೀಟರ್. ಹಾಗಾದರೆ ದೂರ 240 ಮೀಟರ್. ಗುಂಡಿ ಅಳೆಯುವ ಟೇಪು ಎಳೆದು ನೋಡಿದರೆ 230 ಕೂಡ ಪೂರ್ತಿ ಇಲ್ಲ!

ಹತ್ತು ಮೀಟರ್ ಎಲ್ಲಿ ಹೋಯಿತು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೆಸರಿನಲ್ಲಿ ಹೆಜ್ಜೆ ಸ್ವಲ್ಪ ಅಗಲಿಸುವುದು ನಿಜ. ಆದರೆ ಮುಖ್ಯ ಕಾರಣ ಬೇರೆಯೇ ಇತ್ತು. ಲೆಕ್ಕದ ಪ್ರಕಾರ ಒಂದು ಪೂರ್ತಿ ವೃತ್ತಕ್ಕೆ ಸುಮಾರು 6,283 ಮಿಲ್ ಆಗಬೇಕು. ಸೋವಿಯತ್ ಸೇನೆ ಅದನ್ನು 6,000ಕ್ಕೆ ಇಳಿಸಿಕೊಂಡಿತು, ನೇಟೋದವರು 6,400ಕ್ಕೆ ಏರಿಸಿಕೊಂಡರು. ನನ್ನ ದುರ್ಬೀನಿನ ಒಂದೊಂದು ಮಿಲ್ಲೂ ನೂರಕ್ಕೆ ಐದರಷ್ಟು ದಪ್ಪ. ಅಂದಿನಿಂದ ಬಂದ ಉತ್ತರದಲ್ಲಿ ಇಪ್ಪತ್ತಕ್ಕೊಂದು ಕಳೆಯುತ್ತೇನೆ. ಹದಿನೇಳೂವರೆ ಸಾವಿರದ್ದರಲ್ಲಿ ಇಂಥ ಆಟವೇ ಇಲ್ಲ.

ಇಷ್ಟು ಹೊಗಳಿದ ಮೇಲೆ ಬೈಯಲೇಬೇಕು.

ಗಾಜಿನಲ್ಲಿ ಹಳದಿ ಛಾಯೆಯಿದೆ. ಮಂಜಿನಲ್ಲಿ ಅದರಿಂದ ಅಂಚುಗಳು ತುಸು ಚುರುಕಾಗಿ ಕಾಣುತ್ತವೆ, ಒಪ್ಪಿದೆ. ಆದರೆ ಮಿಂಚುಳ್ಳಿಯ ನೀಲಿ ಸತ್ತೇ ಹೋಗುತ್ತದೆ. ಅದನ್ನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಶುರುವಾದದ್ದು ನಲವತ್ತಾರು ದಾಟಿದ ಮೇಲೆ. ಪೇಪರನ್ನು ಕೈಯುದ್ದ ಹಿಡಿದು ಓದಲು ಶುರುಮಾಡಿದ ವರ್ಷವೇ ಬದುವಿನ ಕೊಕ್ಕರೆ ಮಸುಕಾಯಿತು. ದುರ್ಬೀನು ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕೊಟ್ಟೆ. ಒಳಗೆ ಜೇಡರಬಲೆಯಂಥ ಬೂಷ್ಟು ಹಿಡಿದಿತ್ತು, ನಮ್ಮ ಮಳೆಗಾಲದ ಪ್ರಸಾದ. ಅವರು ತೆಗೆದರು. ಆದರೆ ಪ್ರಿಸಮ್ಮನ್ನು ಸೊಟ್ಟ ಕೂರಿಸಿ ವಾಪಸು ಕೊಟ್ಟರು. ಒಂದು ಆನೆ ಎರಡಾಗಿ ಕಾಣುತ್ತಿತ್ತು, ಒಂದನ್ನೇ ಸಂಭಾಳಿಸುವುದು ಕಷ್ಟ! ಇನ್ನೊಬ್ಬರ ಹತ್ತಿರ ಸರಿಮಾಡಿಸುವ ಹೊತ್ತಿಗೆ ಕೊಂಡ ದುಡ್ಡಿನಷ್ಟೇ ಖರ್ಚಾಯಿತು. ಕೊಕ್ಕರೆ ಮಾತ್ರ ಮಸುಕಾಗಿಯೇ ಉಳಿಯಿತು.

ಇಷ್ಟು ವರ್ಷ ಫೋಕಸ್ ಮಾಡುತ್ತಿದ್ದದ್ದು ನನ್ನ ಕಣ್ಣೇ, ದುರ್ಬೀನಿನ ಪಾಲು ಅದರಲ್ಲಿ ಏನೂ ಇರಲಿಲ್ಲ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಕಣ್ಣಿನ ಮೇಲೆ ಬೀಳುವ ಹೊರೆ ಎಂಟೆಂಟಲಿ ಅರವತ್ನಾಲ್ಕು ಪಟ್ಟು. ದೂರಕ್ಕೆ ಹೊಂದಿಸಿಟ್ಟು 30 ಮೀಟರಿನ ಕೊಕ್ಕರೆ ನೋಡಿದರೆ, ಅರ್ಧ ಮೀಟರಿಗೂ ಹತ್ತಿರ ಹಿಡಿದ ಪೇಪರ್ ಓದಿದಷ್ಟು ಕಣ್ಣು ದುಡಿಯಬೇಕು. ಚಾಳೀಸು ಬಂದ ಕಣ್ಣಿಗೆ ಅದಾಗುವ ಮಾತಲ್ಲ. ಈಗ ಹತ್ತಿರಕ್ಕೊಮ್ಮೆ ದೂರಕ್ಕೊಮ್ಮೆ ಎರಡು ಬಳೆಯನ್ನೂ ತಿರುಗಿಸಬೇಕು. ಅಷ್ಟರಲ್ಲಿ ಹಕ್ಕಿ ಮೂಡಿಗೆರೆ ದಾಟಿರುತ್ತದೆ. ಕನ್ನಡಕ ಹಾಕಿಕೊಂಡರೆ ಇನ್ನೂ ಪಜೀತಿ, ಕಣ್ಣು ಗಾಜಿಗೆ ಅಂಟಿಕೊಂಡಂತಿದ್ದರೆ ಮಾತ್ರ ನೋಟ ಪೂರ್ತಿ ಸಿಗುವುದು.

ಹೊಸದನ್ನು ಕೊಂಡದ್ದೇ ಅದಕ್ಕೆ. ಕನ್ನಡಕದ ಮೇಲಿಂದಲೇ ಪೂರ್ತಿ ಕಾಣುತ್ತದೆ. ಚಕ್ರ ಅರ್ಧ ಸುತ್ತು ತಿರುಗಿಸಿದರೆ ಎರಡೂವರೆ ಮೀಟರಿನ ಚಿಟ್ಟೆಯೂ ಸ್ಪಷ್ಟ. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಹಳೆಯದರಲ್ಲಿ 3.75 ಮಿ.ಮೀ., ಇದರಲ್ಲಿ 5.25. ಹೊತ್ತು ಮುಳುಗಿದ ಮೇಲೆ, ಅಂದರೆ ಆನೆಗಳು ಇಳಿಯುವ ಹೊತ್ತಿಗೆ, ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೌಕಾಪಡೆಯ 7×50ರಲ್ಲಿ ಅದು 7 ಮಿ.ಮೀ. ದಾಟುತ್ತದೆ, ಆದರೆ ಐವತ್ತು ದಾಟಿದವರ ಕಣ್ಣಿನ ಪಾಪೆ ಅಷ್ಟು ಅರಳುವುದು ಅಪರೂಪ. ಒಂದು ಕೆ.ಜಿ. ಕಬ್ಬಿಣ ಕುತ್ತಿಗೆಗೆ ನೇತುಹಾಕಿಕೊಂಡದ್ದಷ್ಟೇ ಲಾಭ.

ಇನ್ನು ಕಂಪನಿ ಹೆಸರು ಯಾಕೆ ಹೇಳಲಿಲ್ಲವೆಂದರೆ, ಮೂರನೇ ಮಳೆಗಾಲಕ್ಕೆ ಹೊರಗಿನ ರಬ್ಬರು ಕರಗಿದ ಬೆಲ್ಲದಂತೆ ಅಂಟಲು ಶುರುವಾಯಿತು. ಒಳಗೆ ನೈಟ್ರೋಜನ್ ತುಂಬಿದೆ, ಬೂಷ್ಟಿನ ಸುಳಿವೂ ಇಲ್ಲ. ಹೊರಗೆ ಮಾತ್ರ ಹಿಡಿದರೆ ಕೈ ಕಪ್ಪು. ಫೋನು ಮಾಡಿದರೆ ವಾರಂಟಿ ಗಾಜಿಗಷ್ಟೇ ಅಂದರು. ನಲವತ್ತು ವರ್ಷದ ಸೋವಿಯತ್ ಪೇಂಟು ಅಂಚುಗಳಲ್ಲಿ ಸವೆದು ಒಳಗಿನ ಲೋಹ ಹೊಳೆಯುತ್ತಿದೆಯೇ ಹೊರತು ಒಂದು ಚೂರೂ ಅಂಟುವುದಿಲ್ಲ.

ಕೊಳ್ಳುವವರಿಗೆ: ಕನ್ನಡಕವಿಲ್ಲ, ನಲವತ್ತರ ಒಳಗಿದ್ದೀರಿ, ದೂರದ್ದಷ್ಟೇ ನೋಡಬೇಕು ಅಂದರೆ ಹಳೇ ಮಿಲಿಟರಿಯದು ಸಿಕ್ಕರೆ ಬಿಡಬೇಡಿ. ಕೊಳ್ಳುವ ಮೊದಲು ದೊಡ್ಡ ಗಾಜಿನ ಕಡೆಯಿಂದ ಟಾರ್ಚು ಬಿಟ್ಟು ಬೂಷ್ಟು ನೋಡಿ, ದೂರದ ಕರೆಂಟು ಕಂಬ ಒಂದೇ ಕಾಣುತ್ತದೆಯೇ ನೋಡಿ. ಹಸಿರು ಬಣ್ಣ ಬಳಿದು, ಕೆಂಪು ಗಾಜು ಹಾಕಿ 'ಆರ್ಮಿ' ಎಂದು ಆನ್‌ಲೈನಿನಲ್ಲಿ ಮಾರುವುದಕ್ಕೂ ಯಾವ ಸೇನೆಗೂ ಸಂಬಂಧವಿಲ್ಲ. ಆ ಗಾಜು ಕೆಂಪನ್ನು ಹೊರಗೇ ತಳ್ಳಿಬಿಡುತ್ತದೆ, ನೋಟವೆಲ್ಲ ಪಾಚಿ ಹಿಡಿದಂತಿರುತ್ತದೆ.

ಮಿಲಿಟರಿಯದು ಈಗ ಸಿಲಿಕಾ ಜೆಲ್ ಜೊತೆ ಹಳೇ ರವೆ ಡಬ್ಬದಲ್ಲಿದೆ. ಜುಲೈನಲ್ಲಿ ವಾರಕ್ಕೊಮ್ಮೆ ಆ ಕಾಳುಗಳನ್ನು ಬಾಣಲೆಯಲ್ಲಿ ಹುರಿದು ಒಣಗಿಸುತ್ತೇನೆ, ಅದಕ್ಕೆಂದೇ ಬೇರೆ ಬಾಣಲೆ ಇಡಿಸಿದ್ದಾಳೆ ಮನೆಯವಳು. ಬಾಗಿಲ ಮೊಳೆಗೆ ನೇತಾಡುವುದು ಹೊಸದು. ರಬ್ಬರಿನ ಅಂಟು ಹೋಗಲು ಉಪಾಯ ಗೊತ್ತಿದ್ದವರು ತಿಳಿಸಿ, ಟಾಲ್ಕಂ ಪೌಡರ್ ಬಳಿದು ಬಳಿದು ಸಾಕಾಗಿದೆ.