ಸಂತೆಪೇಟೆಯ ಬೂಟು ರಿಪೇರಿ, ಮತ್ತು ಎರವಲು ಬೂಟಿನಲ್ಲಿ 13 ಗೋಲು ಹೊಡೆದವನು

ಹಾಸನದ ಸಂತೆಪೇಟೆ ಕಡೆ ಒಂದು ಚಿಕ್ಕ ಚಪ್ಪಲಿ ರಿಪೇರಿ ಅಂಗಡಿ ಇದೆ. ಬೋರ್ಡ್ ಇಲ್ಲ. ನೀಲಿ ಟಾರ್ಪಾಲ್ ಕೆಳಗೆ ಒಂದು ಮರದ ಪೆಟ್ಟಿಗೆ, ಬೂಟು ಕವುಚಿ ಹಾಕಿ ಬಡಿಯುವ ಕಬ್ಬಿಣದ ಅಚ್ಚು, ಹಿಂದೆ ಮೊಳೆಗೆ ನೇತುಹಾಕಿದ ಹಳೆ ಸೋಲ್‌ಗಳು, ಅಷ್ಟೇ. ಹಾಸನದಲ್ಲಿ ಫುಟ್‌ಬಾಲ್ ಆಡುವವರಿಗೆಲ್ಲ ಈ ಜಾಗ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಆನ್‌ಲೈನ್‌ನಲ್ಲಿ 2,400 ರೂಪಾಯಿ ಕೊಟ್ಟು ತರಿಸಿದ ಸ್ಟಡ್ಸ್ (ಅಡಿಯಲ್ಲಿ ಮುಳ್ಳಿನಂಥ ಗುಬುಟು ಇರುವ ಫುಟ್‌ಬಾಲ್ ಬೂಟು) ಮೂರೇ ತಿಂಗಳಿಗೆ ಮುಂದುಗಡೆ ಬಾಯಿ ಬಿಟ್ಟಿತ್ತು. ಮಾರಿದವರನ್ನು ಕೇಳಿದರೆ ವಾಪಸ್ ತೆಗೆದುಕೊಳ್ಳುವ ದಿನ ಮುಗಿದಿದೆ ಎಂದರು. ಭಾನುವಾರ ಮ್ಯಾಚ್ ಇತ್ತು, ಮಳೆ ಬೇರೆ ಬಿಟ್ಟಿರಲಿಲ್ಲ, ಎರಡು ಕಡೆ ಕೇಳಿದ್ದಕ್ಕೆ ಇಬ್ಬರೂ ಕೈಗೆ ತೆಗೆದುಕೊಂಡು ನೋಡದೆಯೇ ಹೊಸದು ತಗೊಳ್ಳಿ ಎಂದುಬಿಟ್ಟರು. ಈ ಅಂಗಡಿಯ ಯಜಮಾನರು ನೋಡಿದರು. ಬಗ್ಗಿಸಿ ನೋಡಿದರು, ಒಳಗೆ ಕೈ ಹಾಕಿ ಅಂಗಾಲು ಕೂರುವ ಜಾಗ ಮುಟ್ಟಿ ನೋಡಿದರು, ಆಮೇಲೆ "ಬರೀ ಅಂಟಲ್ಲಿ ನಿಲ್ಲಿಸಿದಾರೆ ಕಣಪ್ಪ, ಒಂದು ಹೊಲಿಗೆನೂ ಇಲ್ಲ" ಎಂದರು.

ಕೆಲಸ ಹೇಗೆ ಮಾಡಿದರು ಅಂತ ಸ್ವಲ್ಪ ಹೇಳಲೇಬೇಕು. ಮೊದಲು ಹಳೆ ಅಂಟನ್ನೆಲ್ಲ ಕೆರೆದು ತೆಗೆದರು. ಉಪ್ಪುಕಾಗದ ಹಾಕಿ ಎರಡೂ ಕಡೆ ಉಜ್ಜಿದರು. ಸಲ್ಯೂಷನ್ ಬಳಿದು ತಕ್ಷಣ ಒತ್ತಲಿಲ್ಲ, ಅದು ಕೈಗೆ ಹತ್ತದಷ್ಟು ಒಣಗುವ ತನಕ ಕಾದು, ಆಮೇಲೆ ಅಚ್ಚಿನ ಮೇಲೆ ಇಟ್ಟು ಬಡಿದರು. ಇಷ್ಟಕ್ಕೇ ನಿಲ್ಲಿಸಿದ್ದರೂ ನಾನು ಖುಷಿಯಾಗಿ ಹೋಗುತ್ತಿದ್ದೆ. ಅವರು ನಿಲ್ಲಿಸಲಿಲ್ಲ. ಸೋಲ್ ಸುತ್ತ ಸಣ್ಣದಾಗಿ ಒಂದು ಗೀರು ಹಾಕಿದರು, ಹೊಲಿಗೆ ದಾರ ಆ ಗೀರಿನೊಳಗೆ ಕೂರಬೇಕಂತೆ, ಮೇಲೆ ಉಳಿದರೆ ನೆಲಕ್ಕೆ ಉಜ್ಜಿ ಉಜ್ಜಿ ಹತ್ತು ದಿನಕ್ಕೆ ಹರಿಯುತ್ತದಂತೆ. ಮೇಣ ತಿಕ್ಕಿದ ನೈಲಾನ್ ದಾರ, ಕೊಕ್ಕೆ ಸೂಜಿ. ಸ್ಟಡ್‌ಗಳ ನಡುವೆ ಸೂಜಿ ನುಗ್ಗಿಸುವುದು ಸುಲಭದ ಕೆಲಸ ಅಲ್ಲವೇ ಅಲ್ಲ, ಒಂದೊಂದು ಹೊಲಿಗೆಗೂ ದಾರವನ್ನು ಬೆರಳಿಗೆ ಸುತ್ತಿ ಎಳೆಯಬೇಕು. ಒಂದು ಜೊತೆಗೆ ಒಂದೂಕಾಲು ಗಂಟೆ ಹಿಡಿಯಿತು. 220 ರೂಪಾಯಿ.

ಅಷ್ಟು ಹೊತ್ತು ಎದುರಿಗೆ ಕೂತಿದ್ದೆನಲ್ಲ, ಮಾತಿಗೆ ಮಾತು ಬಂದು ನಾನು ಅವರಿಗೆ ಫ್ರಾನ್ಸ್‌ನ ಹಳೆ ಫುಟ್‌ಬಾಲ್ ಆಟಗಾರ ಜಸ್ಟ್ ಫಾಂಟೇನ್ ಕಥೆ ಹೇಳಿದೆ. ಬೂಟು ಹರಿದಾಗಲೆಲ್ಲ ನನಗೆ ನೆನಪಾಗುವುದು ಅವನೇ. ನಮ್ಮ ಟೀಮಿನ ಹುಡುಗರಿಗೆ ಮೆಸ್ಸಿ, ರೊನಾಲ್ಡೊ, ಎಂಬಾಪೆ ಎಲ್ಲ ಬಾಯಿಪಾಠ. ಒಂದೇ ವಿಶ್ವಕಪ್‌ನಲ್ಲಿ ಅತಿ ಜಾಸ್ತಿ ಗೋಲು ಹೊಡೆದವನು ಯಾರು ಎಂದು ಕೇಳಿದರೆ ಯಾರೂ ಈ ಹೆಸರು ಹೇಳಲಿಲ್ಲ, ಮತ್ತು ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಅವನು ಹುಟ್ಟಿದ್ದು ಮೊರಾಕ್ಕೊದ ಮರ್ರಾಕೆಶ್‌ನಲ್ಲಿ, 1933ರಲ್ಲಿ. ಆಡಿದ್ದು ಫ್ರಾನ್ಸ್‌ಗೆ. 1958ರ ವಿಶ್ವಕಪ್‌ಗೆ ಸ್ವೀಡನ್‌ಗೆ ಹೋದಾಗ ಅವನೇ ಮೊದಲ ಆಯ್ಕೆ ಎಂದೇನೂ ಇರಲಿಲ್ಲ, ತಂಡದ ಇನ್ನೊಬ್ಬ ಆಟಗಾರ ರೆನೆ ಬ್ಲಿಯಾರ್ ಗಾಯಗೊಂಡಿದ್ದರಿಂದ ಜಾಗ ಸಿಕ್ಕಿತು. ಅಲ್ಲಿ ಪ್ರ್ಯಾಕ್ಟೀಸ್ ಮಾಡುವಾಗ ಬೂಟು ಹಾಳಾಯಿತು. ಈಗಿನ ಹಾಗೆ ಕಂಪನಿಗಳು ಡಬ್ಬದ ಮೇಲೆ ಡಬ್ಬ ಕಳಿಸುವ ಕಾಲ ಅಲ್ಲ ಅದು. ತಂಡದಲ್ಲೇ ಇದ್ದ ಸ್ಟೆಫಾನ್ ಬ್ರುಯೆಯ ಕಾಲಿನ ಅಳತೆಯೂ ಇವನದೂ ಒಂದೇ. ಅವನ ಬೂಟು ಎರವಲು ತೆಗೆದುಕೊಂಡ. ಆ ಬೂಟು ಹಾಕಿಕೊಂಡು ಪರಾಗ್ವೆ ಮೇಲೆ ಮೂರು, ಯುಗೊಸ್ಲಾವಿಯಾ ಮೇಲೆ ಎರಡು, ಸ್ಕಾಟ್ಲೆಂಡ್ ಮೇಲೆ ಒಂದು, ಉತ್ತರ ಐರ್ಲೆಂಡ್ ಮೇಲೆ ಎರಡು, ಪೆಲೆ ಇದ್ದ ಬ್ರೆಜಿಲ್ ಮೇಲೆ ಸೆಮಿಫೈನಲ್‌ನಲ್ಲಿ ಒಂದು, ಮೂರನೇ ಸ್ಥಾನದ ಮ್ಯಾಚ್‌ನಲ್ಲಿ ಪಶ್ಚಿಮ ಜರ್ಮನಿ ಮೇಲೆ ನಾಲ್ಕು. ಆರು ಮ್ಯಾಚ್, 13 ಗೋಲು. 2022ರಲ್ಲಿ ಎಂಬಾಪೆ ಅಷ್ಟೆಲ್ಲ ಮೆರೆದದ್ದು 8 ಗೋಲಿಗೆ.

ಯಜಮಾನರು ಹೊಲಿಗೆ ನಿಲ್ಲಿಸಿ ಕೇಳಿದರು: "ಬೇರೆಯವನು ಹಾಕಿ ಹಳೇದು ಮಾಡಿದ ಬೂಟಾ, ಹೊಸದಾ? ಹಳೇದಾದ್ರೆ ಅದರಲ್ಲಿ ಅವನ ಕಾಲಿನ ಅಚ್ಚು ಕೂತಿರುತ್ತೆ ಕಣಪ್ಪ. ಅದರಲ್ಲಿ ಓಡೋದೇ ಕಷ್ಟ." ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಎಲ್ಲರೂ ಗೋಲಿನ ಲೆಕ್ಕ ಕೇಳಿ ಬಾಯಿ ಬಿಡುತ್ತಾರೆ. ಬೂಟಿನೊಳಗಿನ ಕಾಲಿನ ಬಗ್ಗೆ ಯೋಚನೆ ಮಾಡಿದ್ದು ಇವರೊಬ್ಬರೇ.

ಆಮೇಲೆ ಏನಾದ ಎಂದರು. ಅದನ್ನು ಹೇಳುವುದು ಕಷ್ಟ. 1960ರ ಮಾರ್ಚ್‌ನಲ್ಲಿ, ತನ್ನ ಕ್ಲಬ್ ರ‍್ಯಾನ್ಸ್ ಪರ ಆಡುವಾಗ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ವಾಸಿ ಮಾಡಿಕೊಂಡು ವಾಪಸ್ ಬಂದ. 1961ರ ಶುರುವಿನಲ್ಲಿ ಮತ್ತೆ ಮುರಿಯಿತು. 1962ರಲ್ಲಿ, 28ನೇ ವಯಸ್ಸಿಗೆ, ಆಟ ಮುಗಿಯಿತು. ಫ್ರಾನ್ಸ್ ಪರ ಆಡಿದ್ದು ಬರೀ 21 ಮ್ಯಾಚ್, ಹೊಡೆದದ್ದು 30 ಗೋಲು. ಇನ್ನೊಂದು ವಿಶ್ವಕಪ್ ಅವನಿಗೆ ಸಿಗಲೇ ಇಲ್ಲ. ಸುಮ್ನೆ ಕೂರಲಿಲ್ಲ, ಆಟಗಾರರ ಸಂಘ ಕಟ್ಟಿದ, ಕೋಚ್ ಆದ, 2023ರ ಮಾರ್ಚ್ 1ರಂದು 89ನೇ ವಯಸ್ಸಿನಲ್ಲಿ ತೀರಿಕೊಂಡ. ಯಜಮಾನರು ಏನೂ ಹೇಳಲಿಲ್ಲ, ದಾರ ಎಳೆದು ಗಂಟು ಹಾಕಿದರು.

ಈ ಅಂಗಡಿ ಬಗ್ಗೆ ನನಗೆ ನಂಬಿಕೆ ಹುಟ್ಟಿದ್ದು ಅದರ ಮುಂದಿನ ವಾರ. ಹಳೆಯ ಇನ್ನೊಂದು ಜೊತೆ ತೆಗೆದುಕೊಂಡು ಹೋಗಿದ್ದೆ. ಅದರ ಸೋಲ್ ಮಧ್ಯದಲ್ಲಿ ಅಡ್ಡಕ್ಕೆ ಸೀಳಿತ್ತು, ಹಿಮ್ಮಡಿಯ ಒಂದು ಸ್ಟಡ್ ಇರಲಿಲ್ಲ. ಮೇಲೆ ಒಂದು ಪಟ್ಟಿ ಅಂಟಿಸಿ ಕೊಡಿ ಯಜಮಾನ್ರೇ, ಪ್ರ್ಯಾಕ್ಟೀಸ್‌ಗೆ ಸಾಕು ಎಂದೆ. ಅವರು ಬೂಟನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ನೂರು ರೂಪಾಯಿ ತಗೊಂಡು ಅಂಟಿಸಿ ಕೊಡಬಹುದು. ನೀನು ಓಡ್ತಾ ಓಡ್ತಾ ತಿರುಗಿದಾಗ ಇದು ನಿನ್ನ ಜೊತೆ ತಿರುಗಲ್ಲ. ಅವತ್ತು ಆ ಹುಡುಗನ ಕಾಲಿನ ಕಥೆ ನೀನೇ ಹೇಳಿದ್ಯಲ್ಲ." ಫಾಂಟೇನ್ ಕಾಲು ಮುರಿದದ್ದು ಬೂಟಿನಿಂದ ಅಲ್ಲ, ಎದುರಾಳಿಗೆ ಡಿಕ್ಕಿ ಹೊಡೆದು. ಆದರೂ ಅವರು ಅದನ್ನು ನೆನಪಿಟ್ಟುಕೊಂಡಿದ್ದರಲ್ಲ, ಆ ಮಾತು ನನಗೆ ತುಂಬಾ ನಾಟಿತು. ಆ ಜೊತೆಯನ್ನು ಮತ್ತೆ ಹಾಕಿಲ್ಲ. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಇಲ್ಲದೆ ಪ್ರ್ಯಾಕ್ಟೀಸ್‌ಗೂ ಇಳಿಯುತ್ತಿಲ್ಲ.

ಕೊರತೆಯೂ ಇದೆ. ಶನಿವಾರ ಸಂಜೆ ಹೋದರೆ ಸ್ಕೂಲ್ ಬ್ಯಾಗ್, ಚಪ್ಪಲಿ, ಛತ್ರಿ ಹಿಡಿದವರ ಸಾಲು, ನಿಮ್ಮ ಸರದಿ ಬರುವುದು ತಡ. ಕೂರಲು ಒಂದೇ ಸ್ಟೂಲ್. ಜೋರು ಮಳೆಯಿದ್ದರೆ ಬೇಗ ಬಾಗಿಲು ಹಾಕುತ್ತಾರೆ. ಅಂಟಿನ ಬಣ್ಣ ಅಂಚಿನಲ್ಲಿ ಸ್ವಲ್ಪ ಕಾಣುತ್ತದೆ, ಬಿಳಿ ಬೂಟಾದರೆ ಎದ್ದು ಕಾಣುತ್ತದೆ. ನನಗೆ ಅದರಿಂದ ತೊಂದರೆ ಆಗಿಲ್ಲ, ಹೊಲಿಗೆ ಹಾಕಿಸಿ ನಾಲ್ಕು ತಿಂಗಳಾಯಿತು, ಕೆಸರಲ್ಲಿ ಹನ್ನೊಂದು ಮ್ಯಾಚ್ ಆಡಿದ್ದೇನೆ, ಒಂದು ಎಳೆಯೂ ಬಿಟ್ಟಿಲ್ಲ.

ಹೋಗುವವರು ವಾರದ ಮಧ್ಯೆ ಬೆಳಗ್ಗೆ ಹೋಗಿ. ಬೂಟು ತೊಳೆದು, ಒಳಗೆ ಪೇಪರ್ ತುರುಕಿ ಎರಡು ದಿನ ನೆರಳಲ್ಲಿ ಒಣಗಿಸಿ ತೆಗೆದುಕೊಂಡು ಹೋಗಿ. ಒದ್ದೆ ಇದ್ದರೆ ಅಂಟು ಹಿಡಿಯಲ್ಲ ಎಂದು ವಾಪಸ್ ಕಳಿಸುತ್ತಾರೆ.