ಸೀರಿಯಲ್, ಇನ್ ದ ಡಾರ್ಕ್, ದ ಟೀಚರ್ಸ್ ಪೆಟ್: ನನ್ನ ವೋಟು ಯಾವುದಕ್ಕೆ?

ಕೊಲೆ ಕೇಸಿನ ಒಳ್ಳೇ ಪಾಡ್‌ಕಾಸ್ಟ್ ಯಾವುದು ಅಂತ ಕೇಳಿದರೆ ಎಲ್ಲರೂ ಮೊದಲು ಹೇಳುವುದು ‘ಸೀರಿಯಲ್’ ಮೊದಲ ಸೀಸನ್. ನಾನು ಅದನ್ನು, ‘ಇನ್ ದ ಡಾರ್ಕ್’ ಎರಡನೇ ಸೀಸನ್ನನ್ನು, ‘ದ ಟೀಚರ್ಸ್ ಪೆಟ್’ ಅನ್ನು ಒಂದರ ಹಿಂದೊಂದು ಕೇಳಿದೆ. ನನ್ನ ವೋಟು ಇನ್ ದ ಡಾರ್ಕ್‌ಗೆ.

ಹಿಡಿದು ಕೂರಿಸುವುದರಲ್ಲಿ ಮಾತ್ರ ಸೀರಿಯಲ್‌ಗೆ ಸಾಟಿಯಿಲ್ಲ. 2014ರಲ್ಲಿ ಬಂದದ್ದು. 1999ರಲ್ಲಿ ಬಾಲ್ಟಿಮೋರ್ ಬಳಿ ಹೈಸ್ಕೂಲ್ ಹುಡುಗಿಯೊಬ್ಬಳ ಕೊಲೆ, ಅವಳ ಹಳೇ ಗೆಳೆಯ ಅದ್ನಾನ್ ಸೈಯದ್‌ಗೆ ಜೀವಾವಧಿ ಶಿಕ್ಷೆ. ಪ್ರಾಸಿಕ್ಯೂಷನ್ (ಸರ್ಕಾರಿ ವಕೀಲರು) ಹೇಳಿದ 21 ನಿಮಿಷದಲ್ಲಿ ಶಾಲೆ ಬಿಟ್ಟು, ಅಂಗಡಿಯೊಂದರ ಪಾರ್ಕಿಂಗ್ ಜಾಗಕ್ಕೆ ಹೋಗಿ ಕೊಲೆ ಮಾಡೋಕೆ ಆಗುತ್ತಾ? ಪಾಡ್‌ಕಾಸ್ಟ್ ನಡೆಸುವ ಸಾರಾ ಕೇನಿಗ್ ಕಾರು ಓಡಿಸಿಯೇ ನೋಡುತ್ತಾರೆ. ಕೇಳುತ್ತಾ ಕೇಳುತ್ತಾ ನಾನೂ ಮ್ಯಾಪ್ ತೆಗೆದೆ. ಕೊನೆಗೆ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಇವನೇ ಮಾಡಿದ್ನಾ, ಇಲ್ವಾ? ಲಕ್ಷಾಂತರ ಕೇಳುಗರೂ ಅಲ್ಲೇ ಸಿಕ್ಕಿಕೊಂಡರು. ಸಾಕ್ಷಿಗಳನ್ನು ಜಾಲಾಡಿದರು, ಎರಡು ಬಣ ಕಟ್ಟಿ ಜಗಳಾಡಿದರು. ಸತ್ತ ಹುಡುಗಿಯ ಮನೆಯವರ ನೆನಪು ಎಷ್ಟು ಜನಕ್ಕಿತ್ತೋ! 2022ರಲ್ಲಿ ತೀರ್ಪು ರದ್ದಾಗಿ ಸೈಯದ್ ಹೊರಬಂದಾಗ, ವಿಚಾರಣೆಯ ವಿಷಯ ನಮಗೆ ಸರಿಯಾಗಿ ತಿಳಿಸಲೇ ಇಲ್ಲ ಅಂತ ಅವಳ ಸಹೋದರ ಮೇಲಿನ ಕೋರ್ಟಿಗೆ ಹೋದರು, ಗೆದ್ದರು; ಹಳೇ ತೀರ್ಪು ಮತ್ತೆ ಊರ್ಜಿತವಾಯಿತು. 2025ರಲ್ಲಿ ಜಡ್ಜ್, ಇಷ್ಟು ವರ್ಷದ ಜೈಲು ಸಾಕು ಅಂದರು. ಆದರೆ ಅಪರಾಧಿ ಎಂಬ ತೀರ್ಪು ಹಾಗೇ ಉಳಿಯಿತು.

ಇನ್ ದ ಡಾರ್ಕ್ ಕೇಳಿದಾಗ ಬೇರೆಯೇ ಸಿಟ್ಟು ಬರುತ್ತದೆ. 1996ರಲ್ಲಿ ಮಿಸಿಸಿಪಿಯ ವಿನೋನಾ ಎಂಬ ಊರಿನ ಫರ್ನಿಚರ್ ಅಂಗಡಿಯಲ್ಲಿ ನಾಲ್ವರ ಕೊಲೆ. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯನ ಮೇಲೆ ಅದೇ ಕೇಸು ಆರು ಸಲ ನಡೆಯಿತು. ಆರು ಸಲವೂ ಅದೇ ಪ್ರಾಸಿಕ್ಯೂಟರ್! ಇಲ್ಲೂ ಆರೋಪಿ ಹೋದ ದಾರಿಯ ಎಪಿಸೋಡ್ ಇದೆ. ಆದರೆ ಇದನ್ನು ನಡೆಸುವ ವರದಿಗಾರ್ತಿ ಮ್ಯಾಡೆಲೀನ್ ಬಾರನ್ ತಂಡ ನಿಮಿಷ ಲೆಕ್ಕ ಹಾಕಿ ಸುಮ್ನಾಗುವುದಿಲ್ಲ. ಅವನನ್ನು ಕಂಡೆವು ಅಂದವರ ಬಾಗಿಲು ಬಡಿದು, ಪೊಲೀಸರು ನಿಮ್ಮ ಹತ್ತಿರ ಹೇಗೆ ಬಂದರು ಅಂತ ಕೇಳುತ್ತದೆ. ಜೈಲಿನಲ್ಲಿದ್ದ ಮುಖ್ಯ ಸಾಕ್ಷಿ ಫೋನಿನಲ್ಲಿ, ನಾನು ಹೇಳಿದ್ದೆಲ್ಲ ಸುಳ್ಳು ಅಂದುಬಿಡುತ್ತಾನೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಕಾಗದದ ಕೆಲಸ. ಕೋರ್ಟಿನಿಂದ ಕೋರ್ಟಿಗೆ ಅಲೆದು ಲಕ್ಷಕ್ಕೂ ಹೆಚ್ಚು ಪುಟ ಸ್ಕ್ಯಾನ್ ಮಾಡಿದರು. ಆ ಪ್ರಾಸಿಕ್ಯೂಟರ್ ಕಚೇರಿ ಜ್ಯೂರಿಯಿಂದ (ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನಿಂದ) ಕಪ್ಪು ಜನರನ್ನು ಬಿಳಿಯರ ಸುಮಾರು ನಾಲ್ಕೂವರೆ ಪಟ್ಟು ಪ್ರಮಾಣದಲ್ಲಿ ಕೈಬಿಟ್ಟಿತ್ತು ಅಂತ ಅದರಿಂದ ಗೊತ್ತಾಯಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜ್ಯೂರಿ ಆಯ್ಕೆಯಲ್ಲಿನ ತಾರತಮ್ಯದ ಕಾರಣಕ್ಕೆ 7-2 ಬಹುಮತದಿಂದ ಶಿಕ್ಷೆ ರದ್ದು ಮಾಡಿತು, 2020ರಲ್ಲಿ ಆರೋಪವೂ ಬಿದ್ದುಹೋಯಿತು. ಸುಪ್ರೀಂ ಕೋರ್ಟಿಗೆ ಹೋದ ವಾದ ವಕೀಲರದ್ದು, ಪಾಡ್‌ಕಾಸ್ಟ್‌ನದ್ದಲ್ಲ. ಎಲ್ಲವನ್ನೂ ಪಾಡ್‌ಕಾಸ್ಟ್‌ನವರ ಖಾತೆಗೆ ಬರೆಯುವುದು ಬೇಡ.

ದ ಟೀಚರ್ಸ್ ಪೆಟ್ ಆಸ್ಟ್ರೇಲಿಯದ್ದು, 2018ರದ್ದು. 1982ರಲ್ಲಿ ಸಿಡ್ನಿಯಲ್ಲಿ ಕಾಣೆಯಾದ ಹೆಂಗಸಿನ ಕತೆ. ಗಂಡ ಕ್ರಿಸ್ ಡಾಸನ್‌ಗೆ 2022ರಲ್ಲಿ ಕೊಲೆ ಅಪರಾಧ ಸಾಬೀತಾಯಿತು. ಗೆದ್ದ ಪಾಡ್‌ಕಾಸ್ಟ್ ಅನ್ನಿಸುತ್ತೆ, ಅಲ್ವಾ? ಆದರೆ ಅಷ್ಟು ಪ್ರಚಾರದ ನಡುವೆ ನ್ಯಾಯವಾದ ವಿಚಾರಣೆ ಹೇಗೆ ಅನ್ನುವ ಪ್ರಶ್ನೆ ಎದ್ದು, ಆಸ್ಟ್ರೇಲಿಯದಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಕೊನೆಗೆ ಜ್ಯೂರಿಯೇ ಇಲ್ಲದೆ ಜಡ್ಜ್ ಒಬ್ಬರೇ ಕೇಸು ಕೇಳಿದರು. ಅಪರಾಧಿ ಯಾರೆಂದು ಮೊದಲೇ ತೀರ್ಮಾನಿಸಿದಂತಿದ್ದ ಅದರ ದನಿ ನನಗೂ ಕಿರಿಕಿರಿ ಮಾಡಿತು.

ಸಸ್ಪೆನ್ಸ್ ಬೇಡ, ಕೋರ್ಟು ದಿನಾ ಹೇಗೆ ನಡೆಯುತ್ತೆ ಅಂತ ಗೊತ್ತಾದರೆ ಸಾಕು ಅನ್ನುವವರು ಈ ಮೂರನ್ನೂ ಬಿಟ್ಟು ಸೀರಿಯಲ್‌ನ ಮೂರನೇ ಸೀಸನ್ ಹಾಕಿಕೊಳ್ಳಿ. ಕ್ಲೀವ್‌ಲ್ಯಾಂಡ್‌ನ ಕೋರ್ಟಿನಲ್ಲಿ ಒಂದು ವರ್ಷ ಕೂತು ಮಾಡಿದ್ದು. ಮೊದಲ ಎಪಿಸೋಡಿನಲ್ಲಿರುವುದು ಬಾರಿನಲ್ಲಿ ನಡೆದ ಒಂದು ಹೊಡೆದಾಟ, ಅಷ್ಟೇ.