ಸಾದಾ ಸಿರಿಂಜೋ, ಲಾಕ್ ಆಗುವ ಸಿರಿಂಜೋ?

ಯಾದಗಿರಿ ಕಡೆಯ ಹಳ್ಳಿಯಲ್ಲಿ ಕ್ಲಿನಿಕ್ ತೆರೆಯುವವರು ಮೊದಲ ಖರೀದಿಗೆ ಮುನ್ನ ಇದನ್ನು ಯೋಚಿಸಬೇಕು. ಎರಡೂ ಒಮ್ಮೆ ಬಳಸಿ ಬಿಸಾಡಬೇಕಾದವೇ.

ಸಾದಾ ಸಿರಿಂಜು ಅಗ್ಗ, ಯಾವ ಔಷಧ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದರ ಪ್ಲಂಜರನ್ನು, ಅಂದರೆ ಔಷಧ ಒತ್ತುವ ದಂಡವನ್ನು, ಮತ್ತೆ ಹಿಂದಕ್ಕೆ ಎಳೆಯಬಹುದು. ಸಂತೆಯ ದಿನ ರೋಗಿಗಳು ಸಾಲುಗಟ್ಟಿದಾಗ, ಸೂಜಿಯನ್ನಷ್ಟೇ ಬದಲಿಸಿದರೆ ಸಾಕಲ್ಲವೇ ಎಂಬ ಯೋಚನೆ ಹುಟ್ಟುವುದು ಇಲ್ಲಿಯೇ. ಸಾಲದು, ಖಂಡಿತ ಸಾಲದು! ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಗೆ ಉಳಿದಿರಬಹುದು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಲು ಅಷ್ಟೇ ಸಾಕು.

ಲಾಕ್ ಆಗುವ ಸಿರಿಂಜಿನಲ್ಲಿ ಔಷಧವನ್ನು ಪೂರ್ತಿ ಒತ್ತಿದ ಮೇಲೆ ಪ್ಲಂಜರ್ ಹಿಂದಕ್ಕೆ ಬರುವುದಿಲ್ಲ. ಮಕ್ಕಳ ಲಸಿಕೆಗೆ ಬಳಸುವ 0.5 ಮಿ.ಲೀ. ಸಿರಿಂಜು ಇದೇ ಬಗೆಯದು. ಚಿಕಿತ್ಸೆಗೆ ಬೇಕಾದ 2, 5 ಮಿ.ಲೀ. ಅಳತೆಯವನ್ನು ಅಂಗಡಿಯಲ್ಲಿ ಕೇಳಿ ತರಿಸಿಕೊಳ್ಳಬೇಕು. ಬೆಲೆ ತುಸು ಹೆಚ್ಚು. ಒಮ್ಮೆ ಪೂರ್ತಿ ಒತ್ತಿದರೆ ಲಾಕ್ ಆಗುವುದರಿಂದ, ಪುಡಿ ಔಷಧ ಕರಗಿಸಲು ಬೇರೆ ಸಿರಿಂಜು ಬೇಕಾಗಬಹುದು.

ನಾನಂತೂ ಎರಡನೆಯದನ್ನೇ ಕೊಳ್ಳುತ್ತೇನೆ: ದಣಿದ ಕೈ ತಪ್ಪು ಮಾಡಲು ಹೋದರೂ ಅದು ಬಿಡುವುದಿಲ್ಲ. ಬಳಸಿದ ಸೂಜಿಗೆ ಮಾತ್ರ ಎರಡರಲ್ಲೂ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಪಕ್ಕದಲ್ಲೇ ಇರಲಿ.